ಅಂತಸ್ತಿಗೆ ತಕ್ಕ ಸಹಾಯ

ಬಿಕರ್ನಕಟ್ಟೆಯಿಂದ ಸಾಣೂರಿನವರೆಗೆ ರಾಷ್ಟ್ರೀಯ ಹೆದ್ದಾರಿ 169 ಅಗಲವಾಗಲು ಹೊರಟ ಮೇಲೆ, ಜಮೀನು ಬಿಟ್ಟುಕೊಡಬೇಕಾದ ಈ ಕಡೆಯವರಿಗೆ ಆರ್‌ಟಿಸಿ, ಮ್ಯುಟೇಶನ್, ನಕ್ಷೆ ಎಲ್ಲ ಬಂಗುಡೆಯ ದರದಷ್ಟೇ ಬಾಯಿಪಾಠವಾಗಿವೆ. ಆದರೆ ಅರ್ಜಿ ಹಾಕುವ ತಂತ್ರಾಂಶದ ಮೂಲೆಯಲ್ಲಿ ಸುಮ್ಮನೆ ಕೂತ ‘ಸಹಾಯ’ ಗುಂಡಿಯನ್ನು ಹೊಗಳಿದವರನ್ನು ನಾನು ಕಾಣೆ. ಯಾವ ತಂತ್ರಾಂಶ ಎಂದು ಹೇಳುವುದಿಲ್ಲ. ಒಂದನ್ನು ಹೆಸರಿಸಿದರೆ ಉಳಿದವು ಬೇಸರಪಟ್ಟುಕೊಂಡಾವು.

ಆ ಗುಂಡಿಯನ್ನು ಅರ್ಜಿದಾರ ಒತ್ತಿದರೆ ‘ಸಂಬಂಧಪಟ್ಟ ಕಚೇರಿಯನ್ನು ಸಂಪರ್ಕಿಸಿ’ ಎಂದು ಬರುತ್ತದೆ. ಆ ಕಚೇರಿಯ ಕೇಸ್ ವರ್ಕರ್ ಒತ್ತಿದರೆ ‘ಮೇಲಧಿಕಾರಿಯನ್ನು ಸಂಪರ್ಕಿಸಿ’. ಮೇಲಧಿಕಾರಿ ಒತ್ತಿದರೆ ‘ಅಡ್ಮಿನ್ ಅವರನ್ನು ಸಂಪರ್ಕಿಸಿ’. ಅಡ್ಮಿನ್ ಒತ್ತಿದಾಗ ಮಾತ್ರ ದಪ್ಪನೆಯ ಕೈಪಿಡಿ ಚಿತ್ರಸಮೇತ ತೆರೆದುಕೊಳ್ಳುತ್ತದೆ. ಅದನ್ನು ಬರೆದವರೇ ಅವರಾದ್ದರಿಂದ ಅವರಿಗೆ ಎಲ್ಲಿಯೂ ತೊಡಕಾಗುವುದಿಲ್ಲ. ಏನೂ ಗೊತ್ತಿಲ್ಲದವನ ಕೈಗೆ ಕೈಪಿಡಿ ಕೊಟ್ಟು ಪೋಲು ಮಾಡುವ ಪ್ರಶ್ನೆಯೇ ಇಲ್ಲ.

ಬಳಕೆದಾರನಿಗೆ ಅವನ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಇರಲಿ ಎಂದು ಅಮೆರಿಕದ ಕಂಪ್ಯೂಟರ್ ತಜ್ಞರಾದ ಸಾಲ್ಟ್ಜರ್ ಮತ್ತು ಶ್ರೋಡರ್ 1975ರಲ್ಲೇ ಬರೆದಿದ್ದರು. ಆ ಅಧಿಕಾರವನ್ನು ಹುದ್ದೆಗೆ ಕಟ್ಟಿಹಾಕುವ ಕ್ರಮವನ್ನು 1992ರಲ್ಲಿ ಫೆರಾಯೊಲೊ ಮತ್ತು ಕೂನ್ ವಿವರಿಸಿದರು. ಅಮೆರಿಕದವರು ಅಷ್ಟಕ್ಕೇ ನಿಂತರು. ಅಧಿಕಾರವನ್ನು ಅಳೆಯುವ ಸೇರಿನಲ್ಲೇ ತಿಳಿವಳಿಕೆಯನ್ನೂ ಅಳೆದು ಕೊಡಬಹುದೆಂದು ಹೊಳೆದದ್ದು ನಮ್ಮವರಿಗೆ. ಸರಿಯೇ ತಾನೆ? ತನ್ನ ಕಡತ ಯಾರ ಪರದೆಯಲ್ಲಿದೆ, ಅವರು ಏನು ಒತ್ತಿದರೆ ಮುಂದೆ ಹೋಗುತ್ತದೆ ಎಂದು ಅರ್ಜಿದಾರನಿಗೆ ಗೊತ್ತಾದರೆ, ಅವನು ‘ಅದನ್ನು ಒತ್ತಿ’ ಎನ್ನುತ್ತಾನೆ. ಕಚೇರಿಯ ಶಾಂತಿ ಕೆಡುವುದು ಹೀಗೆಯೇ.

ಮೊದಲಿನವರಿಗೆ ಈ ಪ್ರೌಢಿಮೆ ಇರಲಿಲ್ಲ. 2001ರ ಸುಮಾರಿಗೆ ರಾಜ್ಯದ ತಾಲೂಕುಗಳನ್ನೆಲ್ಲ ಮುಟ್ಟಿದ ‘ಭೂಮಿ’ ಯೋಜನೆಯನ್ನೇ ನೋಡಿ. ಒಂಬತ್ತು ಸಾವಿರದಷ್ಟು ಗ್ರಾಮ ಲೆಕ್ಕಿಗರ ಕಪಾಟುಗಳಲ್ಲಿ ನೆಮ್ಮದಿಯಾಗಿದ್ದ, 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, 15 ರೂಪಾಯಿಗೆ ಒಂದರಂತೆ ಕೇಳಿದವರಿಗೆಲ್ಲ ಕೊಟ್ಟರು. ಸಿಬ್ಬಂದಿ ಬೆರಳಚ್ಚು ಒತ್ತಿಯೇ ಒಳಹೋಗಬೇಕೆಂದರು, ಅದು ಒಪ್ಪತಕ್ಕದ್ದೇ. ಆದರೆ ಕಿಯೋಸ್ಕಿನಲ್ಲಿ ಎರಡನೆಯ ಪರದೆಯೊಂದನ್ನು ರೈತನ ಕಡೆಗೆ ತಿರುಗಿಸಿ ಇಟ್ಟರಲ್ಲ, ಅದಕ್ಕೆ ಏನೆನ್ನೋಣ? ಒಳಗಿನವರು ಮಾಡುವುದನ್ನೆಲ್ಲ ಹೊರಗೆ ನಿಂತವನು ಲಾಗಿನ್ನೂ ಇಲ್ಲದೆ, ಓಟಿಪಿಯೂ ಇಲ್ಲದೆ ನೋಡಬಹುದಿತ್ತು. ಅಪ್ಪನ ಹೆಸರು ತಪ್ಪಿದ್ದರೆ ಬೆರಳು ತೋರಿಸಿ ಹೇಳಲೂಬಹುದಿತ್ತು. ಸಹಾಯ ಗುಂಡಿಗೆ ಕೆಲಸವೇ ಉಳಿಯದ ವಿನ್ಯಾಸ ಅದು. ಹೊಸ ತಲೆಮಾರಿನವರು ಇಂಥ ಎಡವಟ್ಟು ಮಾಡುವುದಿಲ್ಲ.

ಬಿಕರ್ನಕಟ್ಟೆಯ ಬಾಲಯೇಸು ಮಂದಿರದ ವ್ಯವಸ್ಥೆಯೂ, ನಿಷ್ಠುರವಾಗಿ ಹೇಳುವುದಾದರೆ, ಇಷ್ಟೇ ಹಿಂದುಳಿದದ್ದು. ಜನವರಿಯ ಹಬ್ಬಕ್ಕೆ ಮುಂಚಿನ ನೊವೇನಾ ದಿನಗಳಲ್ಲಿ ಜಾತಿ ಮತ ಕೇಳದೆ ಎಲ್ಲರನ್ನೂ ಗುಡ್ಡ ಹತ್ತಿಸಿ, ಎಲ್ಲರ ಅರ್ಜಿಯನ್ನೂ ಒಂದೇ ಮೂರ್ತಿಯ ಮುಂದೆ ಸ್ವೀಕರಿಸುತ್ತಾರೆ. ಬಳಕೆದಾರರ ವರ್ಗೀಕರಣವೆಂಬುದೇ ಇಲ್ಲ.

ಇದಕ್ಕಿಂತ ಕಳವಳದ ಸಂಗತಿ ಝೆರಾಕ್ಸ್ ಅಂಗಡಿಗಳದ್ದು. ಅಲ್ಲಿನ ಹುಡುಗರಿಗೆ ಯಾವ ಹುದ್ದೆಯೂ ಇಲ್ಲ, ಆದರೂ ಎಲ್ಲ ಹುದ್ದೆಯವರ ಪರದೆಯೂ ಗೊತ್ತು. ‘ಆಧಾರಿನಲ್ಲಿ ಡಿಸೋಜ, ಪಹಣಿಯಲ್ಲಿ ಬರೀ ಸೋಜ ಇದೆ, ಇದು ಕೇಸ್ ವರ್ಕರ್ ಲಾಗಿನ್ನಿನಲ್ಲೇ ವಾಪಸು ಬೀಳ್ತದೆ ಮಾರಾಯ್ರೇ, ಮೊದಲು ಅಫಿಡವಿಟ್ ಮಾಡಿಸಿ’ ಎಂದು ಸ್ಕ್ಯಾನಿನ ಚಿಲ್ಲರೆ ಎಣಿಸುತ್ತಲೇ ಹೇಳಿಬಿಡುತ್ತಾರೆ. ಯಾವ ಅಂತಸ್ತಿನವನಿಗೆ ಎಷ್ಟು ಹೇಳಬೇಕೆಂಬ ವಿವೇಚನೆ ಅವರಿಗಿಲ್ಲ.

ಗುಂಡಿಯ ಕೆಳಗೆ ಈಚೆಗೆ ‘ಈ ಮಾಹಿತಿ ಉಪಯುಕ್ತವಾಯಿತೇ?’ ಎಂಬ ಪ್ರಶ್ನೆಯನ್ನೂ ಸೇರಿಸಿದ್ದಾರೆ. ‘ಹೌದು’ ಒತ್ತಲು ಸಾರ್ವಜನಿಕರಿಗೆ ಮುಕ್ತ ಅವಕಾಶವಿದೆ. ‘ಇಲ್ಲ’ ಎನ್ನುವ ಸೌಲಭ್ಯ ಮೇಲಧಿಕಾರಿಯ ಹಂತದಿಂದ ಲಭ್ಯ.