ಕದ ಬಡಿದರೂ ಕೇಳದ ಮ್ಯಾಕ್‌ಬೆತ್

ನಾಟಕವನ್ನು ವಿಡಿಯೋದಲ್ಲಿ ಕಲಿಸುತ್ತಾರೆ ಅಂದರೆ ಪಕ್ಕದ ಮನೆ ಮೇಷ್ಟ್ರಿಗೆ ಮೈಯೆಲ್ಲ ಉರಿ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದವರು, ಶೇಕ್ಸ್‌ಪಿಯರ್ ಅವರ ಮನೆದೇವರು. "ಮನೆದೇವರನ್ನ ತಗೊಂಡು ಹೋಗಿ ಮೊಬೈಲಲ್ಲಿ ಕೂರಿಸಿದ್ದಾರೆ ಕಣಮ್ಮ" ಅಂತ ಕಾಂಪೌಂಡಿನ ಆಚೆಯಿಂದ ದೂರು ಶುರುವಾಗುತ್ತೆ. ಈಚೆಯಿಂದ ನಾನು ದಾಸವಾಳದ ರೆಂಬೆ ಸವರುತ್ತಾ "ಹೌದಾ ಮೇಷ್ಟ್ರೇ" ಅನ್ನುತ್ತೇನೆ. ಅವರಿಗೆ ಅಷ್ಟೇ ಸಾಕು, ಒಂದು ಪೀರಿಯಡ್ ಮುಗಿಯುವವರೆಗೆ ನಿಲ್ಲಿಸುವುದಿಲ್ಲ.

ಈ ಸಲದ ದೂರಿಗೆ ಕಾರಣ ಅವರ ಮೊಮ್ಮಗಳು. ಇಂಗ್ಲೆಂಡಿನಲ್ಲೇ ಹುಟ್ಟಿ ಬೆಳೆದ ಹುಡುಗಿ, ಈಗ ಹದಿನಾರು. ಈಸ್ಟರ್ ರಜೆಗೆ ಮೈಸೂರಿಗೆ ಬಂದವಳು ಪರೀಕ್ಷೆಯನ್ನೂ ಪೆಟ್ಟಿಗೆಯಲ್ಲಿ ತುಂಬಿಕೊಂಡೇ ಬಂದಿದ್ದಾಳೆ. ನಮ್ಮ ಎಸ್ಸೆಸ್ಸೆಲ್ಸಿ ಇದ್ದ ಹಾಗೆ ಅಲ್ಲಿ ಜಿಸಿಎಸ್‌ಇ. ಅದರ ಇಂಗ್ಲಿಷ್ ಸಾಹಿತ್ಯಕ್ಕೆ ಕೂತವರು ಶೇಕ್ಸ್‌ಪಿಯರನ ಒಂದು ನಾಟಕ ಪೂರ್ತಿ ಓದಲೇಬೇಕು. ಇವಳ ಪಾಲಿಗೆ ಬಂದದ್ದು ಮ್ಯಾಕ್‌ಬೆತ್. ಪುಸ್ತಕವನ್ನು ಪರೀಕ್ಷೆಯ ಕೋಣೆಯೊಳಕ್ಕೆ ಒಯ್ಯುವ ಹಾಗಿಲ್ಲ. ಒಂದು ತುಣುಕು ಪ್ರಶ್ನೆಪತ್ರಿಕೆಯಲ್ಲಿ ಅಚ್ಚಾಗಿರುತ್ತದಂತೆ, ಮಿಕ್ಕ ನಾಟಕ ತಲೆಯಲ್ಲಿರಬೇಕು.

"ಬಾಯಿಪಾಠ ಕೆಟ್ಟದ್ದು ಅಂತ ನಮಗೆ ಬುದ್ಧಿ ಹೇಳಿದೋರು ಆ ಇಂಗ್ಲೆಂಡಿನೋರೇ ಅಲ್ವಾ ಮೇಷ್ಟ್ರೇ?"

"ಅದನ್ನೇ ನಾನೂ ಕೇಳಿದೆ. ‘ತಾತ, ಇಟ್ಸ್ ಕಾಂಪ್ಲಿಕೇಟೆಡ್’ ಅಂದ್ಲು."

ರಜೆಯಲ್ಲೂ ಅವಳಿಗೆ ನೇರ ವಿಡಿಯೋ ಪಾಠ. ಅಲ್ಲಿ ಬೆಳಗ್ಗೆ ಹತ್ತು ಗಂಟೆಯಾದಾಗ ಇಲ್ಲಿ ಮಧ್ಯಾಹ್ನ ಎರಡೂವರೆ, ಮೇಷ್ಟ್ರ ನಿದ್ದೆಯ ಹೊತ್ತು. ಪಾಠ ಮಾಡುವವನು ಉಪಾಧ್ಯಾಯನಲ್ಲ, ನಾಟಕದ ನಟ. ಅವನೆದುರು ಪರದೆಯ ಮೇಲೆ ಒಂದು ತರಗತಿ ತುಂಬುವಷ್ಟು ಹುಡುಗ ಹುಡುಗಿಯರು, ಒಬ್ಬೊಬ್ಬರು ಒಂದೊಂದು ಊರಿನವರು.

ಒಂದು ದಿನ ಬಟ್ಟೆ ತೆಗೆಯಲು ಹಿತ್ತಿಲಿಗೆ ಹೋದವಳು ನೋಡುತ್ತೇನೆ, ಆ ಹುಡುಗಿ ಹಾಳೆ ಹಿಡಿದು ಜೋರಾಗಿ ಓದುತ್ತಾ ಅಂಗಳದಲ್ಲಿ ನಡೆಯುತ್ತಿದ್ದಾಳೆ. ನಾಲ್ಕು ಹೆಜ್ಜೆ ಇಟ್ಟು ಸರಕ್ಕನೆ ತಿರುಗುತ್ತಾಳೆ, ಎರಡು ಹೆಜ್ಜೆ ಇಟ್ಟು ಮತ್ತೆ ತಿರುಗುತ್ತಾಳೆ. ತುಳಸಿಕಟ್ಟೆ ಹತ್ತಿರ ಬುಗುರಿ ಆಡಿದ ಹಾಗೆ ಮೂರು ಸಲ ಗಿರಕಿ ಹೊಡೆದಳು. ಏಪ್ರಿಲ್ ಬಿಸಿಲು, ಮಗುವಿಗೆ ಏನೋ ಆಯಿತು ಅಂದುಕೊಂಡು ಮೇಷ್ಟ್ರನ್ನು ಕೂಗಿದೆ.

"ಏನೂ ಆಗಿಲ್ಲಮ್ಮ, ಪಾಠ ನಡೀತಿದೆ" ಅಂದರು. ಓದುವಾಗ ಅಲ್ಪವಿರಾಮ ಬಂದರೆ ದಿಕ್ಕು ಬದಲಿಸಬೇಕು, ಪೂರ್ಣವಿರಾಮ ಬಂದರೆ ನಿಂತು ತಿರುಗಬೇಕು. ಅಲ್ಲಿಯ ನಾಟಕದವರು ತಾಲೀಮಿನ ಕೋಣೆಯಲ್ಲಿ ಬಹಳ ಕಾಲದಿಂದ ಮಾಡಿಸುವ ಅಭ್ಯಾಸ ಇದು. ರಾಯಲ್ ಶೇಕ್ಸ್‌ಪಿಯರ್ ಕಂಪನಿಯಲ್ಲಿ 1969ರಿಂದ ನಟರ ಕಂಠ ಪಳಗಿಸಿದ ಸಿಸಿಲಿ ಬೆರ್ರಿ ಎಂಬಾಕೆ, ಮಾತು ಗಂಟಲಿನದ್ದಲ್ಲ, ಇಡೀ ಮೈಯದ್ದು ಅಂತ ನಂಬಿ ಇಂಥವನ್ನೆಲ್ಲ ಮಾಡಿಸುತ್ತಿದ್ದರಂತೆ. ರಾಜನನ್ನು ಕೊಲ್ಲಲೋ ಬೇಡವೋ ಎಂದು ಮ್ಯಾಕ್‌ಬೆತ್ ತೂಗಿ ನೋಡುವ ಸ್ವಗತವೊಂದಿದೆ. ಅದನ್ನು ಹೀಗೆ ನಡೆದು ಓದಿದರೆ ನೆಟ್ಟಗೆ ಹತ್ತು ಹೆಜ್ಜೆ ಇಡಲು ಆಗುವುದಿಲ್ಲ. ಅವನ ಮನಸ್ಸು ಎಲ್ಲೂ ನಿಲ್ಲುತ್ತಿಲ್ಲ ಅನ್ನುವುದು ಟಿಪ್ಪಣಿ ಓದದೆ ಕಾಲಿಗೇ ಗೊತ್ತಾಗಿಬಿಡುತ್ತದೆ.

"ಇಷ್ಟು ವರ್ಷ ನಾನು ಬೋರ್ಡಿನ ಮೇಲೆ ಬರೆದು ಹೇಳಿದ್ದು ಇದನ್ನೇ. ಅರ್ಧ ಕ್ಲಾಸು ಮಲಗಿರ್ತಿತ್ತು" ಅಂದ ಮೇಷ್ಟ್ರ ದನಿಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು ಅಂತ ನನ್ನ ಗುಮಾನಿ.

ಸೋತು ಒಪ್ಪಿಕೊಳ್ಳುವವರಲ್ಲ ಅವರು. ಅದೇ ಕಂಪನಿ 2008ರಲ್ಲಿ ಶಾಲೆಗಳಿಗಾಗಿ ಒಂದು ಘೋಷಣೆ ಹೊರಡಿಸಿತ್ತಂತೆ. ಅದರಲ್ಲಿ ಮೂರೇ ಬೇಡಿಕೆ: ಎದ್ದು ನಿಂತು ಮಾಡಿ, ರಂಗದ ಮೇಲೆ ಕಣ್ಣಾರೆ ನೋಡಿ, ಚಿಕ್ಕಂದಿನಲ್ಲೇ ಶುರುಮಾಡಿ. "ಎರಡನೇದನ್ನ ಇವರೇ ಮುರಿದ್ರು ನೋಡಮ್ಮ. ಪರದೇಲಿ ತೋರಿಸಿದ ಮೇಲೆ ಕಣ್ಣಾರೆ ನೋಡೋದು ಎಲ್ಲಿ ಬಂತು?"

ಮುರಿದದ್ದು ಇವತ್ತು ನಿನ್ನೆ ಅಲ್ಲ. ಲಂಡನ್ನಿನ ನ್ಯಾಷನಲ್ ಥಿಯೇಟರ್ 2009ರಲ್ಲಿ ಹೆಲೆನ್ ಮಿರೆನ್ ಅಭಿನಯದ ‘ಫೇದ್ರ’ ನಾಟಕವನ್ನು ಆಡುತ್ತಿರುವಾಗಲೇ ಸಿನಿಮಾ ಮಂದಿರಗಳಲ್ಲಿ ತೋರಿಸಿತು. 2013ರ ನವೆಂಬರಿನಲ್ಲಿ ಶೇಕ್ಸ್‌ಪಿಯರ್ ಕಂಪನಿಯೂ ತನ್ನೂರಾದ ಸ್ಟ್ರ್ಯಾಟ್‌ಫರ್ಡಿನಿಂದ ಡೇವಿಡ್ ಟೆನೆಂಟ್ ಆಡಿದ ಎರಡನೆಯ ರಿಚರ್ಡ್ ನಾಟಕವನ್ನು ಹಾಗೇ ತೋರಿಸಿತು. ಆಮೇಲೆ ಅದನ್ನು ಪುಕ್ಕಟೆಯಾಗಿ ಶಾಲೆಗಳಿಗೂ ಕಳಿಸಿತು. ಅದು ದೊಡ್ಡ ಉಪಕಾರವೇ. ಸ್ಟ್ರ್ಯಾಟ್‌ಫರ್ಡಿಗೆ ಬಸ್ಸು ಮಾಡಿಕೊಂಡು ಹೋಗಲಾಗದ ಮಕ್ಕಳು ಎಷ್ಟಿಲ್ಲ! ಆದರೆ ನನ್ನ ಮಟ್ಟಿಗೆ ಅದು ಪ್ರಸಾರ, ಪಾಠ ಅಲ್ಲ. ಕೊರೊನಾ ಕಾಲದಲ್ಲಿ ನಮ್ಮ ಚಂದನ ವಾಹಿನಿಯಲ್ಲೂ ಹೈಸ್ಕೂಲು ಮಕ್ಕಳಿಗೆ ಪಾಠ ಬರುತ್ತಿತ್ತಲ್ಲ. ಒಳ್ಳೊಳ್ಳೆ ಮೇಷ್ಟ್ರುಗಳು ಬಂದು ಹೇಳಿದರು. ಆದರೆ ಇತ್ತ ಹುಡುಗ ಕೈ ಎತ್ತಿದರೆ ಟೀವಿ ನೋಡಬೇಕಲ್ಲ! ನೇರ ಪಾಠ ಅಂದರೆ ನಮಗೆ ಅವರು ಕಂಡರೆ ಸಾಲದು, ಅವರಿಗೂ ನಾವು ಕಾಣಬೇಕು. ಇದನ್ನೇ ನಾನು ಹೇಳಿದರೆ, ಮೇಷ್ಟ್ರು ತಮ್ಮದೇ ಮಾತು ಅನ್ನುವ ಹಾಗೆ ತಲೆಯಾಡಿಸಿದರು.

ಕಾಣುವ ಮಾತು ಬಂತಲ್ಲ, ಈ ವಯಸ್ಸಿನ ಮಕ್ಕಳು ಕ್ಯಾಮೆರಾ ಹಚ್ಚುವುದೇ ಇಲ್ಲ. ತಮ್ಮ ಮುಖ ತಮಗೇ ಪರದೆಯ ಮೂಲೆಯಲ್ಲಿ ಕಾಣುತ್ತಿದ್ದರೆ ಮೊಡವೆ ಬಿಟ್ಟು ಬೇರೇನೂ ತೋಚದ ವಯಸ್ಸು. ನಟನ ಮುಂದೆ ಸಾಲಾಗಿ ಕಪ್ಪು ಚೌಕಗಳು. ಪಾಪ, ಅವನು ಆ ಚೌಕಗಳಿಗೇ ಸ್ವಗತ ಹೇಳಬೇಕು. ಮೇಷ್ಟ್ರು ಅದಕ್ಕೊಂದು ಇತಿಹಾಸ ತೆಗೆದರು. ಶೇಕ್ಸ್‌ಪಿಯರನ ಕಾಲದ ಗ್ಲೋಬ್ ರಂಗಮಂದಿರದಲ್ಲಿ ನಾಟಕ ನಡೆಯುತ್ತಿದ್ದದ್ದು ಹಾಡುಹಗಲಲ್ಲಿ, ಮಾಡಿಲ್ಲದ ಅಂಗಳದಲ್ಲಿ. ಸ್ವಗತ ಹೇಳುವವನಿಗೆ ಕೆಳಗೆ ನಿಂತವರ ಮುಖ ಮುಖವೂ ಕಾಣುತ್ತಿತ್ತು. ತನಗೆ ತಾನೇ ಗೊಣಗಿಕೊಳ್ಳುತ್ತಿರಲಿಲ್ಲ, ಅವರನ್ನೇ ಕೇಳುತ್ತಿದ್ದ.

"ಹಾಗಾದ್ರೆ ಕತ್ತಲು ಮಾಡಿ ಪ್ರೇಕ್ಷಕರನ್ನ ಮರೆಮಾಡಿದ್ದು ನಿಮ್ಮ ದೊಡ್ಡ ದೊಡ್ಡ ಥಿಯೇಟರಿನೋರೇ ಆಯ್ತು. ಪಾಪದ ಮೊಬೈಲನ್ನ ಯಾಕೆ ಬೈತೀರಿ?" ಅಂದೆ. ಮೇಷ್ಟ್ರು ಕನ್ನಡಕ ಒರೆಸಿಕೊಂಡರು.

ನಿಜ ಹೇಳಬೇಕೆಂದರೆ ಸ್ವಗತ ಒಂದಕ್ಕೆ ವಿಡಿಯೋ ಚೆನ್ನಾಗಿಯೇ ಒಗ್ಗುತ್ತದೆ. ಒಂದು ಮುಖ, ಮೊಳದೂರ, ನಿಮ್ಮ ಕಣ್ಣನ್ನೇ ನೋಡಿ ‘ಕೊಲ್ಲಲಾ?’ ಅಂತ ಕೇಳಿದರೆ ಎದೆ ಝಲ್ ಅನ್ನದೆ ಇರುತ್ತದೆಯೇ? ಬಾಲ್ಕನಿಯ ಕೊನೆಯ ಸಾಲಿನಲ್ಲಿ ಆ ಭಾಗ್ಯ ಇಲ್ಲ. ಫಜೀತಿ ಇರುವುದು ಗುಂಪಿನ ಮಾತಿನಲ್ಲಿ. ಮೂರು ಮಾಟಗಾತಿಯರು ಒಟ್ಟಿಗೆ ಹೇಳುವ ಮಾತನ್ನು ಮಕ್ಕಳಿಂದ ಹೇಳಿಸಲು ಹೊರಟರೆ, ಒಬ್ಬಳ ದನಿ ಮುಂದೆ, ಇನ್ನೊಬ್ಬಳದು ಅರೆಗಳಿಗೆ ಹಿಂದೆ. ಮೂರನೆಯವಳದು ಬರುವುದೇ ಇಲ್ಲ, ಏಕೆಂದರೆ ಹೆಚ್ಚು ಜೋರಾಗಿ ಕೇಳಿಸಿದ ದನಿಯೊಂದನ್ನು ಹಿಡಿದು ಮಿಕ್ಕದ್ದನ್ನು ಅಮುಕುವುದು ವಿಡಿಯೋ ಕರೆಯ ತಂತ್ರಾಂಶದ ಜಾಯಮಾನ. ಮೀಟಿಂಗಿಗೆಂದು ಮಾಡಿದ್ದು, ಮೇಳಕ್ಕೆಂದು ಮಾಡಿದ್ದಲ್ಲ. ಆ ನಟ ಸುಮ್ಮನೆ ಒಬ್ಬೊಬ್ಬರಿಗೆ ಒಂದೊಂದು ಪದ ಹಂಚಿ, ಸರದಿಯಂತೆ ಪಿಸುಗುಟ್ಟಿ ಅಂದನಂತೆ. ಪಿಸುಮಾತನ್ನೂ ಗದ್ದಲ ಅಂತ ತಿಳಿದು ಯಂತ್ರ ನುಂಗಿಹಾಕಿತು.

ಇದಕ್ಕಿಂತ ಮಜಾ ಮರುದಿನದ್ದು. ರಾಜನನ್ನು ಕೊಂದು ಗಂಡ ಹೆಂಡತಿ ರಕ್ತದ ಕೈಯಲ್ಲಿ ನಿಂತಿರುವಾಗ ಕೋಟೆಯ ಬಾಗಿಲು ಬಡಿಯುವ ಸದ್ದು ಬರುತ್ತದಲ್ಲ, ಆ ದೃಶ್ಯದ ಪಾಠ. ಆ ಬಡಿತ ಒಂದರ ಮೇಲೆಯೇ ಥಾಮಸ್ ಡಿ ಕ್ವಿನ್ಸಿ 1823ರಲ್ಲಿ ಒಂದು ಪ್ರಬಂಧ ಬರೆದಿದ್ದಾನೆ; ಮೇಷ್ಟ್ರು ಪ್ರತಿ ವರ್ಷ ಅದರ ಮೇಲೊಂದು ಪ್ರಶ್ನೆ ಕೊಡುತ್ತಿದ್ದರಂತೆ. ಕೊಲೆಯ ಹೊತ್ತಿಗೆ ಲೋಕವೇ ನಿಂತುಹೋಗಿರುತ್ತದೆ, ಬಡಿತ ಕೇಳಿದಾಗ ಮತ್ತೆ ಚಲಿಸುತ್ತದೆ, ನಡೆದದ್ದು ಎಂಥ ಘೋರ ಅಂತ ನಮಗೆ ಆಗಲೇ ತಟ್ಟುತ್ತದೆ ಅನ್ನುವುದು ಅವನ ವಾದ. ನಟ ಕ್ಯಾಮೆರಾದಿಂದ ಮರೆಯಾಗಿ ಬಾಗಿಲನ್ನು ಬಡಿದ. ಇತ್ತ ಕೇಳಿಸಿದ್ದು ಮೌನ. ಮತ್ತೆ ಬಡಿದ, ಮತ್ತೆ ಮೌನ. ನಾಯಿ ಬೊಗಳಿದ್ದು, ಕೀಲಿಮಣೆ ಕುಟ್ಟಿದ್ದು, ಬಾಗಿಲು ತಟ್ಟಿದ್ದು ಇವನ್ನೆಲ್ಲ ಜರಡಿ ಹಿಡಿಯಲೆಂದೇ ಆ ತಂತ್ರಾಂಶ ಇರುವುದು. ಡಿ ಕ್ವಿನ್ಸಿ ಪ್ರಬಂಧ ಬರೆದ ಸದ್ದನ್ನೇ ಅದು ಕಸ ಅಂತ ಗುಡಿಸಿಹಾಕಿತು.

"ಅಯ್ಯೋ, ಸೆಟ್ಟಿಂಗಿಗೆ ಹೋಗಿ ಆಫ್ ಮಾಡಬಾರದಾ?"

"ನಮ್ಮ ಹುಡುಗಿ ಅದನ್ನೇ ಹೇಳಿದ್ಲು ಅವನಿಗೆ. ಮಾಡಿದ. ಆಮೇಲೆ ಬಡಿದ ನೋಡು, ಒಳಗೆ ಮಲಗಿದ್ದ ಇವಳು ಎದ್ದು ಬಂದು ಮುಂಬಾಗಿಲು ತೆಗೆದಳು!" ಇವಳು ಅಂದರೆ ಅವರ ಮನೆಯವರು.

ಆ ಬಡಿತದ ನಂತರ ಹುಡುಗಿಗೆ ತಾತನ ಮೇಲೆ ಮಮತೆ ಹುಟ್ಟಿತೋ, ತಾತನಿಗೆ ವಿಡಿಯೋದ ಮೇಲೆಯೋ ಗೊತ್ತಿಲ್ಲ, ಎರಡೂವರೆಗೆ ಇಬ್ಬರೂ ಪಡಸಾಲೆಯಲ್ಲಿ ಜೊತೆಗೆ ಕೂರತೊಡಗಿದರು. ಬಿ.ವಿ. ಕಾರಂತರು 1979ರಲ್ಲಿ ದೆಹಲಿಯಲ್ಲಿ ಇದೇ ನಾಟಕವನ್ನು ಯಕ್ಷಗಾನದ ಹೆಜ್ಜೆ ಹಾಕಿಸಿ ‘ಬರ್ನಂ ವನ’ ಅಂತ ಆಡಿಸಿದ್ದು, ಅದಕ್ಕೂ ಎಷ್ಟೋ ಮೊದಲು ಎಂ.ಎಲ್. ಶ್ರೀಕಂಠೇಶಗೌಡರು ಮ್ಯಾಕ್‌ಬೆತ್‌ನನ್ನು ‘ಪ್ರತಾಪರುದ್ರದೇವ’ನನ್ನಾಗಿ ಮಾಡಿ ಕನ್ನಡದವನೇ ಅನ್ನಿಸಿದ್ದು, ಎಲ್ಲ ಹೇಳಿದರಂತೆ. ಹುಡುಗಿ ಅದನ್ನು ಚಾಟಿನಲ್ಲಿ ಹಾಕಿದಳು. ನಟ ಪಾಠ ನಿಲ್ಲಿಸಿ, ಆ ಕುಣಿತ ಹೇಗಿರುತ್ತೆ ತೋರಿಸ್ತೀಯಾ ಅಂತ ಕೇಳಿದ. ಅವಳಿಗೆ ಬಾರದು, ತಾತನಿಗೆ ಮಂಡಿನೋವು. ಕ್ಯಾಮೆರಾ ಹಚ್ಚಲು ಸಿಕ್ಕ ಒಂದೇ ಒಂದು ಅವಕಾಶ ಹಾಗೆ ಹೋಯಿತು.

ಆದರೆ ಚಾಟು ಅನ್ನುವುದು ಬಾಯಿಬಿಡದ ಮಕ್ಕಳಿಗೆ ಬಾಯಿ ಕೊಟ್ಟಿದೆ ಅಂತ ಮೇಷ್ಟ್ರೇ ಹೇಳುತ್ತಾರೆ ಈಗ. ತರಗತಿಯಲ್ಲಿ ಎದ್ದು ನಿಂತು ತಪ್ಪು ಉತ್ತರ ಹೇಳಲು ಹೆದರುವ ಹುಡುಗ ಅಲ್ಲಿ ಎರಡು ಪದ ಟೈಪು ಮಾಡುತ್ತಾನೆ. ಮ್ಯಾಕ್‌ಬೆತ್‌ಗೆ ಗಾಳಿಯಲ್ಲಿ ಕಠಾರಿ ಕಾಣುವ ಕಡೆ ಆ ನಟ ಮಕ್ಕಳನ್ನೇ ಕೇಳಿದ: ಇವನಿಗೆ ಅದು ನಿಜವಾಗಿ ಕಾಣ್ತಿದೆಯೋ, ಕಾಣ್ತಿದೆ ಅಂತ ತನ್ನನ್ನೇ ನಂಬಿಸಿಕೊಳ್ತಿದ್ದಾನೋ? ಹೆದರಿದ್ದಾನೋ, ಖುಷಿಪಡ್ತಿದ್ದಾನೋ? ನೀವು ಬರೆದ ಹಾಗೆ ಆಡ್ತೀನಿ. ದಬದಬ ಉತ್ತರ ಬಿದ್ದವು. ಒಂದೇ ಮಾತನ್ನು ಹೆದರಿ ಆಡಿದ, ನಗುತ್ತಾ ಆಡಿದ, ನಿದ್ದೆಗಣ್ಣಿನವನ ಹಾಗೆ ಆಡಿದ. ಸಿನಿಮಾ ಮಂದಿರದ ರಿಚರ್ಡ್‌ನನ್ನು ಹೀಗೆ ತಡೆದು ನಿಲ್ಲಿಸಿ ಇನ್ನೊಮ್ಮೆ ಅನ್ನಲಾದೀತೆ?

"ನೀವೇನು ಬರೆಸಿದ್ರಿ ಮೇಷ್ಟ್ರೇ?"

"ನಾನ್ಯಾಕಮ್ಮ ಬರೆಸಲಿ" ಅಂದವರು ಸುತ್ತ ನೋಡಿ, ಕಾಂಪೌಂಡಿಗೆ ಇನ್ನಷ್ಟು ಹತ್ತಿರ ಬಂದರು. "ಸುಸ್ತಾಗಿದ್ದಾನೆ ಅಂತ ಹಾಕು ಅಂದೆ. ಯುದ್ಧ ಮುಗಿಸಿ ಬಂದಿದ್ದಾನೆ, ನಿದ್ದೆ ಇಲ್ಲ, ಮನೇಲಿ ನೆಂಟರು, ಹೆಂಡತಿ ಕಾಟ ಬೇರೆ."

"ಹಾಗೇ ಆಡಿದನಾ?"

"ಆಡಿದ. ಚೆನ್ನಾಗಿ ಬರಲಿಲ್ಲ. ನಾಳೆ ಬೇರೆ ಏನಾದ್ರೂ ಬರೆಸಿ ನೋಡ್ತೀನಿ."