ಬೆಕ್ಕಿಗೆ ಟೆನ್ಷನ್ನಂತೆ!

ಜಾವಳಿಯಿಂದ ಕಳಸದವರೆಗೆ ಕಾಫಿ ತೋಟದ ಯಾವ ಮನೆಗೆ ಹೋದರೂ ಬೆಕ್ಕೊಂದು ಇದ್ದೇ ಇರುತ್ತದೆ. ಇಲಿಗೆಂದು ಸಾಕಿದ್ದು ಅನ್ನುತ್ತಾರೆ ಮನೆಯವರು. ಇಲಿಗೂ ಅದಕ್ಕೂ ಎಂದೋ ರಾಜಿಯಾಗಿದೆ ಅನ್ನುವುದು ಗೋಡೌನಿನ ಮೂಟೆಗಳ ತೂತು ನೋಡಿದರೆ ತಿಳಿಯುತ್ತದೆ. ಇಂಥ ಬೆಕ್ಕು ಹೊಟ್ಟೆ, ಒಳತೊಡೆ, ಬಾಲದ ಬುಡವನ್ನೆಲ್ಲ ನೆಕ್ಕಿ ನೆಕ್ಕಿ, ಸಾಲದ್ದಕ್ಕೆ ಹಲ್ಲಿನಿಂದ ಕೂದಲು ಕಿತ್ತು, ಅಂಗೈ ಅಗಲ ಬೋಳು ಮಾಡಿಕೊಂಡು ಕೂತಿತೆಂದರೆ ಮನೆಯಲ್ಲಿ ಸಭೆ ಸೇರುತ್ತದೆ. ಹಿಂದಿನವರಿಗೆ ತೀರ್ಮಾನ ಸುಲಭವಿತ್ತು: ದೃಷ್ಟಿ ತಾಗಿದೆ. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರೆ ಕೇಸು ಮುಗಿಯಿತು. ಈಗಿನವರಿಗೆ ಅದಕ್ಕಿಂತ ಸುಲಭ: ಬೆಕ್ಕಿಗೆ ಟೆನ್ಷನ್. ಮಗಳು ಬೆಂಗಳೂರಿಗೆ ಹೋದಳಲ್ಲ, ಅದಕ್ಕೆ. ಮನೆಗೆ ನಾಯಿಮರಿ ತಂದರಲ್ಲ, ಅದಕ್ಕೆ. ಕಾಫಿ ರೇಟು ಬಿದ್ದು ಯಜಮಾನರು ಮಾತು ಬಿಟ್ಟಿದ್ದಾರಲ್ಲ, ಅದಕ್ಕೂ ಇರಬಹುದು. ಉಪ್ಪು ಮೆಣಸಿನಕಾಯಿಯ ಖರ್ಚೂ ಉಳಿಯಿತು. ನನಗೇನೋ ಈ ಟೆನ್ಷನ್ ಅನ್ನುವುದು ಹಳೇ ದೃಷ್ಟಿಯೇ ಪ್ಯಾಂಟು ಹಾಕಿಕೊಂಡು ಬಂದ ಹಾಗೆ ಕಾಣುತ್ತದೆ. ಬೆಕ್ಕಿನ ಮನಸ್ಸಿಗೆ ಕೈ ಹಾಕುವ ಮೊದಲು ಅದರ ಚರ್ಮಕ್ಕೆ ಕೈ ಹಾಕಿ ನೋಡಬೇಕು ಅನ್ನುವುದಷ್ಟೇ ನನ್ನ ವಾದ.

ಇದು ಬರೀ ಹಟದ ಮಾತಲ್ಲ. 2006ರಲ್ಲಿ ಅಮೆರಿಕದ ಪಶುವೈದ್ಯ ಸಂಘದ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಮನೋವ್ಯಾಧಿಯಿಂದಲೇ ಕೂದಲು ಕಿತ್ತುಕೊಳ್ಳುತ್ತಿವೆ ಎಂದು ಗುಮಾನಿಯಿದ್ದ 21 ಬೆಕ್ಕುಗಳನ್ನು ವೈಸ್‌ಗ್ಲಾಸ್, ಲ್ಯಾಂಡ್ಸ್‌ಬರ್ಗ್ ಮತ್ತವರ ಜೊತೆಗಾರರು ಒಂದೊಂದಾಗಿ ಕೂಲಂಕಷವಾಗಿ ತಪಾಸಣೆ ಮಾಡಿದರು. 16ಕ್ಕೆ ಇದ್ದದ್ದು ದೇಹದ ಕಾಯಿಲೆ. 3ಕ್ಕೆ ದೇಹದ್ದೂ ಇತ್ತು, ಮನಸ್ಸಿನದ್ದೂ ಇತ್ತು. ಶುದ್ಧಾಂಗ ಮನೋವ್ಯಾಧಿ ಅಂತ ಉಳಿದದ್ದು ಎರಡೇ ಎರಡು. ಇವು ದಾರಿಯಲ್ಲಿ ಹಿಡಿದು ತಂದ ಬೆಕ್ಕುಗಳಲ್ಲ, ‘ಟೆನ್ಷನ್’ ಅಂತ ಆಗಲೇ ಹಣೆಪಟ್ಟಿ ಹಚ್ಚಿಸಿಕೊಂಡವು ಅನ್ನುವುದನ್ನು ಮರೆಯಬಾರದು. ನಮ್ಮ ಕಡೆಯ ಬೆಳೆಗಾರರಿಗೆ ಈ ತರ್ಕ ಹೊಸದೇನೂ ಅಲ್ಲ. ಅರೇಬಿಕಾ ಗಿಡವೊಂದರ ಎಲೆ ಹಳದಿಯಾಗಿ ಜೋತುಬಿದ್ದರೆ ‘ಪಾಪ, ಗಿಡಕ್ಕೆ ಬೇಜಾರಾಗಿದೆ’ ಅಂತ ಯಾರೂ ಅನ್ನುವುದಿಲ್ಲ. ಕಾಂಡಕ್ಕೆ ಕೈ ಹಚ್ಚಿ ಸವರಿ, ತೊಗಟೆ ಎಲ್ಲಿ ಉಬ್ಬಿದೆ ಅಂತ ಹುಡುಕಿ, ಅನುಮಾನ ಬಂದರೆ ಗಿಡವನ್ನೇ ಕಿತ್ತು ಸೀಳಿ, ಒಳಗಿರುವ ಬೋರರ್ ಹುಳವನ್ನು ಕಣ್ಣಾರೆ ಕಂಡು ಸುಟ್ಟುಹಾಕುತ್ತಾರೆ. ಅದೂ ಅಲ್ಲದಿದ್ದರೆ ಬೇರು ನೋಡುತ್ತಾರೆ, ಮಣ್ಣು ಪರೀಕ್ಷೆ ಮಾಡಿಸುತ್ತಾರೆ, 1925ರಿಂದ ಇರುವ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರನ್ನು ವಿಚಾರಿಸುತ್ತಾರೆ. ಗಿಡಕ್ಕೆ ಇಷ್ಟು ಪತ್ತೇದಾರಿ ಮಾಡುವ ಮನುಷ್ಯ ಮನೆಯೊಳಗೆ ಬಂದು ಬೆಕ್ಕನ್ನು ಕಂಡೊಡನೆ ಮನಶ್ಶಾಸ್ತ್ರಜ್ಞನಾಗಿಬಿಡುವುದು ಯಾಕೋ ನನಗೆ ಅರ್ಥವಾಗಿಲ್ಲ.

ಮೊದಲನೆಯ ಆಕ್ಷೇಪಣೆ ಎಲ್ಲ ಮನೆಯಲ್ಲೂ ಒಂದೇ: ‘ನಮ್ಮ ಬೆಕ್ಕಿನ ಮೈಮೇಲೆ ಒಂದು ಚಿಗಟವೂ ಇಲ್ಲ, ಬೇಕಾದರೆ ನೋಡಿ.’ ನೋಡಿದರೆ ನಿಜಕ್ಕೂ ಇರುವುದಿಲ್ಲ. ಇರುವುದು ಹೇಗೆ? ಬೆಕ್ಕಿನ ನಾಲಿಗೆಯ ಮೇಲೆ ಹಿಂದಕ್ಕೆ ಬಾಗಿದ ನೂರಾರು ಗಡುಸು ಮುಳ್ಳುಗಳಿವೆ. ಅವುಗಳ ತುದಿ ಟೊಳ್ಳು, ಎಂಜಲನ್ನು ಹೀರಿಟ್ಟುಕೊಂಡು ಕೂದಲಿನ ಬುಡದವರೆಗೂ ಒಯ್ಯುತ್ತದೆ ಎಂದು 2018ರಲ್ಲಿ ಜಾರ್ಜಿಯಾ ಟೆಕ್‌ನ ಇಬ್ಬರು ಸಂಶೋಧಕರು ತೋರಿಸಿದರು. ಎಚ್ಚರವಾಗಿರುವ ಹೊತ್ತಿನಲ್ಲಿ ಕಾಲುಭಾಗದಷ್ಟನ್ನು ಬೆಕ್ಕು ಈ ಬಾಚಣಿಗೆ ಕೆಲಸಕ್ಕೇ ಕೊಡಬಲ್ಲದು. ಇನ್ನು ಕಡಿತ ಹತ್ತಿದ ಬೆಕ್ಕಿನ ಗತಿ ಕೇಳಬೇಕೆ? ಚಿಗಟ ಕಚ್ಚುತ್ತದೆ, ಬೆಕ್ಕು ಅದನ್ನು ನುಂಗುತ್ತದೆ. ಅಪರಾಧಿಯೂ ಇಲ್ಲ, ಸಾಕ್ಷಿಯೂ ಇಲ್ಲ. ಚಿಗಟವಿದ್ದ ಮನೆಯೊಂದರಲ್ಲಿ ಕೆಲವು ಬೆಕ್ಕುಗಳ ಕುತ್ತಿಗೆಗೆ ನೆಕ್ಕಲಾಗದಂತೆ ಕಾಲರ್ ಹಾಕಿ ಮೂರು ವಾರ ಬಿಟ್ಟು ನೋಡಿದಾಗ, ಕಾಲರ್ ಇಲ್ಲದ ಬೆಕ್ಕುಗಳಿಗಿಂತ ಇವುಗಳ ಮೈಮೇಲೆ ಎರಡರಷ್ಟು ಚಿಗಟ ಸಿಕ್ಕವು. ಎಕ್‌ಸ್ಟೈನ್ ಮತ್ತು ಹಾರ್ಟ್ ಇದನ್ನು 2000ದಲ್ಲಿ ಪ್ರಕಟಿಸಿದರು. ಅಂದರೆ ಅತಿಯಾಗಿ ನೆಕ್ಕುವ ಬೆಕ್ಕಿನ ಮೈ ಅತಿ ಶುಭ್ರವಾಗಿ ಕಾಣುವುದೇ ಸಹಜ. ಚಿಗಟದ ಎಂಜಲು ಮೈಗೆ ಆಗದ ಬೆಕ್ಕಿಗೆ ನಾಲ್ಕಾರು ಕಡಿತವಾದರೂ ಸಾಕು, ದಿನಗಟ್ಟಲೆ ತುರಿಸುತ್ತದೆ.

ಹಾಗಾದರೆ ಪತ್ತೆ ಹೇಗೆ? ಒಂದು ಬಿಳಿ ಕಾಗದ ಹಾಸಿ ಅದರ ಮೇಲೆ ಬೆಕ್ಕನ್ನು ನಿಲ್ಲಿಸಿ, ಹೇನು ಬಾಚಣಿಗೆಯಲ್ಲಿ ಬಾಲದ ಬುಡ ಮತ್ತು ಬೆನ್ನನ್ನು ಬಾಚಿ. ಬೆಕ್ಕು ನಿಲ್ಲುವುದಿಲ್ಲ, ಅದು ಬೇರೆ ಮಾತು. ಟವೆಲಿನಲ್ಲಿ ಸುತ್ತಿ ಹಿಡಿಯಲು ಇನ್ನೊಬ್ಬರಿರಲಿ. ಬಿದ್ದ ಕರಿಪುಡಿಯ ಮೇಲೆ ಎರಡು ಹನಿ ನೀರು ಬಿಡಿ. ಮಣ್ಣಾದರೆ ಮಣ್ಣಾಗಿಯೇ ಕದಡುತ್ತದೆ. ಕಾಗದದ ಮೇಲೆ ಕೆಂಪುಮಿಶ್ರಿತ ಕಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ನಿಮ್ಮ ಬೆಕ್ಕಿನದೇ ಜೀರ್ಣವಾದ ರಕ್ತ. ಬಾಲದ ಕೆಳಗೆ, ಮಲಗುವ ಗೋಣಿಯ ಮೇಲೆ ಒಣಗಿದ ಅಕ್ಕಿಕಾಳಿನಂಥ ತುಣುಕುಗಳು ಕಂಡರೆ ಇನ್ನೂ ಒಳ್ಳೆಯ ಸಾಕ್ಷಿ ಸಿಕ್ಕಿತು. ಅವು ಲಾಡಿಹುಳುವಿನ ತುಂಡುಗಳು. ಆ ಜಾತಿಯ ಹುಳು ಬೆಕ್ಕಿನ ಹೊಟ್ಟೆ ಸೇರುವುದು ಸಾಮಾನ್ಯವಾಗಿ ಚಿಗಟವನ್ನು ನುಂಗಿದಾಗ. ‘ಚಿಗಟವೇ ಇಲ್ಲ’ ಎಂದವರ ಮಾತಿಗೆ ಬೆಕ್ಕಿನ ಹೊಟ್ಟೆಯೇ ಕೊಟ್ಟ ಉತ್ತರ ಅದು.

ಎರಡನೆಯ ಆಕ್ಷೇಪಣೆ ಭಾವುಕವಾದದ್ದು. ‘ನಾವೆಲ್ಲ ಮದುವೆಗೆಂದು ಮನೆ ಬೀಗ ಹಾಕಿ ಹೋಗಿ ಬಂದ ಮೇಲೆಯೇ ಶುರುವಾಯಿತು. ನಮ್ಮನ್ನು ನೆನೆಸಿಕೊಂಡು ಕೊರಗಿದೆ.’ ಕಾಲ ಹೊಂದಿತು ಅಂದಮಾತ್ರಕ್ಕೆ ಕಾರಣ ಅದೇ ಆಗಬೇಕಿಲ್ಲ. ಆದರೆ ಇಲ್ಲಿ ಕಾಲ ಹೊಂದಿದ್ದು ಸುಳ್ಳೂ ಅಲ್ಲ. ಮನೆಯಲ್ಲಿರುವ ಚಿಗಟದ ಸಂಸಾರದಲ್ಲಿ ಪ್ರಾಣಿಯ ಮೈಮೇಲೆ ಓಡಾಡುವ ದೊಡ್ಡವು ಅಂದಾಜು ನೂರಕ್ಕೆ ಐದು. ಮಿಕ್ಕದ್ದೆಲ್ಲ ಮೊಟ್ಟೆ, ಮರಿಹುಳ, ಗೂಡುಗಳಾಗಿ ನೆಲದ ಸಂದಿಯಲ್ಲಿ, ಚಾಪೆಯಡಿಯಲ್ಲಿ, ಸೋಫಾದ ಮೂಲೆಯಲ್ಲಿ ಇರುತ್ತದೆ. ಗೂಡಿನೊಳಗಿನ ಚಿಗಟಕ್ಕೆ ಅಸಾಧ್ಯ ತಾಳ್ಮೆ. ಮನೆ ಖಾಲಿಯಿದ್ದರೆ ತಿಂಗಳುಗಟ್ಟಲೆ ಸುಮ್ಮನೆ ಕಾಯುತ್ತದೆ. ನೆಲ ಅದುರಿದರೆ, ಬಿಸಿ ಮೈ ಹತ್ತಿರ ಸುಳಿದರೆ, ಉಸಿರಿನ ಗಾಳಿ ತಾಗಿದರೆ ಥಟ್ಟನೆ ಹೊರಬರುತ್ತದೆ. ಬೀಗ ತೆಗೆದು ಒಳಗೆ ಬಂದ ನಿಮ್ಮನ್ನು ಎದುರುನೋಡುತ್ತಾ ಇದ್ದವರು ನಿಜಕ್ಕೂ ಇದ್ದರು, ಬೆಕ್ಕಲ್ಲ ಅಷ್ಟೆ. ನಮ್ಮ ಹವೆಯೂ ಚಿಗಟದ ಪಕ್ಷವೇ. ಗಾಳಿಯಲ್ಲಿ ತೇವ ಅರ್ಧಕ್ಕಿಂತ ಕಮ್ಮಿಯಾದರೆ ಅದರ ಮರಿಗಳು ಒಣಗಿ ಸಾಯುತ್ತವೆ; ಹೇಮಾವತಿ ಹುಟ್ಟುವ ಜಾವಳಿಯಲ್ಲಿ, ಜೂನ್ ಬಂತೆಂದರೆ ಒಣಹಾಕಿದ ಪಂಚೆಯೇ ವಾರವಾದರೂ ಒಣಗದ ಊರಿನಲ್ಲಿ, ಆ ಭಯ ಅವಕ್ಕೆಲ್ಲಿ? ಹೊರಗೆ ಚಳಿ ಮಳೆ, ಒಳಗೆ ಬಚ್ಚಲ ಹಂಡೆಯ ಪಕ್ಕ ಬೆಚ್ಚಗಿನ ಜಾಗ. ನಾಯಿ, ಬೆಕ್ಕು ಎರಡೂ ವೈರ ಮರೆತು ಅಲ್ಲೇ ಮಲಗುತ್ತವೆ. ಚಿಗಟದ ಮಟ್ಟಿಗೆ ಅದು ಬಸ್‌ಸ್ಟ್ಯಾಂಡು.

‘ಸರಿ, ಆದರೆ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ನಿಂತಿತಲ್ಲ, ಮತ್ತೆ ಶುರುವಾದದ್ದು ಯಾಕೆ?’ ಕೊಟ್ಟದ್ದು ಸ್ಟೀರಾಯ್ಡ್ ಆಗಿದ್ದರೆ ಅದು ತುರಿಕೆಯ ಬಾಯಿ ಮುಚ್ಚಿಸುತ್ತದೆ, ತುರಿಕೆ ಯಾಕೆ ಬಂತೆಂದು ಹೇಳುವುದಿಲ್ಲ. ಒಂದು ರೀತಿಯಲ್ಲಿ ಅದು ನನ್ನ ವಾದಕ್ಕೇ ಬಲ: ಅಲರ್ಜಿ ತಗ್ಗಿಸುವ ಮದ್ದಿಗೆ ನಿಂತದ್ದು ಬರೀ ಬೇಜಾರಾಗಿರುವ ಸಂಭವ ಕಡಿಮೆ. ಮನೆಯಲ್ಲೇ ನೋಡಬಹುದಾದ ಇನ್ನೊಂದು ಗುರುತಿದೆ. ಬೋಳಾದ ಜಾಗದಲ್ಲಿ ಕೂದಲಿನ ದಿಕ್ಕಿಗೆ ಎದುರಾಗಿ ಬೆರಳಾಡಿಸಿ. ಕುರುಚಲು ಚುಚ್ಚಿದರೆ ಕೂದಲು ತಾನಾಗಿ ಉದುರಿದ್ದಲ್ಲ, ನಾಲಿಗೆಗೆ ಸಿಕ್ಕಿ ಮುರಿದದ್ದು. ಡಾಕ್ಟರು ನಾಲ್ಕು ಕೂದಲು ಕಿತ್ತು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತುದಿ ಮೊನೆಯಾಗಿದೆಯೋ ಮುರಿದಿದೆಯೋ ಖಚಿತವಾಗಿ ಹೇಳಬಲ್ಲರು. ಕೂದಲು ಪರೀಕ್ಷೆಯಲ್ಲೇ ಹುಳುಕಡ್ಡಿಯೂ ಸಿಕ್ಕಿಬೀಳಬಹುದು. ಅದು ಬೆಕ್ಕಿನಿಂದ ಮಕ್ಕಳ ಕೈಗೂ ಹತ್ತುವ ಶಿಲೀಂಧ್ರವಾದ್ದರಿಂದ ತಡ ಮಾಡುವಂತಿಲ್ಲ. ಕೆಳಹೊಟ್ಟೆಯನ್ನಷ್ಟೇ ನೆಕ್ಕುತ್ತಾ, ಮೂತ್ರಕ್ಕೆ ಕೂತು ತಿಣುಕುತ್ತಿದ್ದರೆ ನೋವಿರುವುದು ಮೂತ್ರಕೋಶದಲ್ಲಿ. ಗಂಡು ಬೆಕ್ಕಿಗೆ ಮೂತ್ರವೇ ಕಟ್ಟಿದರೆ ಅವತ್ತೇ ಆಸ್ಪತ್ರೆಗೆ ಒಯ್ಯಬೇಕು, ಸಭೆ ಸೇರಿಸುತ್ತಾ ಕೂರಬಾರದು.

ಮಲೆನಾಡಿನಲ್ಲಿ ನಿಜಕ್ಕೂ ಕಷ್ಟವಾಗುವುದು ಊಟದ ಪತ್ತೇದಾರಿ. 2006ರ ಅಧ್ಯಯನದ ಆ 21 ಬೆಕ್ಕುಗಳಲ್ಲಿ 12ಕ್ಕೆ ಆಹಾರವೇ ಒಗ್ಗದೆ ತುರಿಕೆ ಇತ್ತು, ಹಾಗಾಗಿ ಇದನ್ನು ತಳ್ಳಿಹಾಕುವಂತಿಲ್ಲ. ಕ್ರಮವೇನೋ ಸರಳ: ಬೆಕ್ಕು ಈವರೆಗೆ ತಿನ್ನದ ಒಂದೇ ಆಹಾರವನ್ನು ಎಂಟು ವಾರ ಕೊಡಬೇಕು, ಬೇರೆ ಒಂದು ಅಗುಳೂ ಬಾಯಿಗೆ ಹೋಗಬಾರದು. ಹೇಳುವುದಕ್ಕೆ ಚೆನ್ನ. ತೋಟದ ಬೆಕ್ಕು ಬೆಳಿಗ್ಗೆ ಯಜಮಾನರ ಮನೆಯಲ್ಲಿ ಹಾಲು ಕುಡಿದು, ಹತ್ತು ಗಂಟೆಗೆ ರೈಟರ ಮನೆಯಲ್ಲಿ ಹಾಜರಿ ಹಾಕಿ, ಮಧ್ಯಾಹ್ನ ಲೈನ್ ಮನೆಗಳ ಕಡೆ ಒಣಮೀನಿನ ವಾಸನೆ ಹಿಡಿದು ಹೋಗುತ್ತದೆ. ಚಾರ್ಮಾಡಿ ಘಾಟಿ ಹತ್ತಿ ಬರುವ ಹಸಿಮೀನಿನ ಗಾಡಿಯ ಹಾರನ್ನು ಅದಕ್ಕೆ ಮನೆಯವರಿಗಿಂತ ಮೊದಲು ಕೇಳಿಸುತ್ತದೆ. ರಾತ್ರಿಯ ಹಲ್ಲಿ, ಜಿರಲೆ, ಇಲಿಗಳ ಲೆಕ್ಕ ಯಾರ ಪುಸ್ತಕದಲ್ಲೂ ಇಲ್ಲ. ಇಂಥದ್ದಕ್ಕೆ ಪಥ್ಯ ಹಿಡಿಸಬೇಕೆಂದರೆ ಎಂಟು ವಾರ ಕೋಣೆಯಲ್ಲಿ ಕೂಡಿಹಾಕಬೇಕು. ಅಷ್ಟು ಹೊತ್ತಿಗೆ ಅದಕ್ಕೆ ನಿಜವಾದ ಟೆನ್ಷನ್ನೇ ಬಂದಿರುತ್ತದೆ. ಅದಕ್ಕೇ ಅಲರ್ಜಿಯ ವೈದ್ಯರು ಕೂಡ ಮೊದಲು ಚಿಗಟದ ಲೆಕ್ಕ ಚುಕ್ತಾ ಮಾಡಿ, ಆಮೇಲೆ ತಟ್ಟೆಯ ಕಡೆ ತಿರುಗಿ ಅನ್ನುವುದು.

ಹಾಗಾದರೆ ಬೆಕ್ಕಿಗೆ ಮನಸ್ಸೇ ಇಲ್ಲವೇ? ಇದೆ. ಮನೆ ಬದಲಾದರೆ, ಇನ್ನೊಂದು ಬೆಕ್ಕು ಬಂದು ಇದರ ಜಾಗ ಹಿಡಿದರೆ, ದಿನವಿಡೀ ಒಳಗೇ ಕೂಡಿಹಾಕಿದರೆ, ಕೆಲವು ಬೆಕ್ಕುಗಳು ನೆಕ್ಕುವುದರಲ್ಲೇ ಸಮಾಧಾನ ಹುಡುಕುತ್ತವೆ. ಅಧ್ಯಯನದ ಆ ಎರಡು ಮತ್ತು ಮೂರು ಬೆಕ್ಕುಗಳನ್ನು ನಾನು ಮುಚ್ಚಿಡುತ್ತಿಲ್ಲ. ಆದರೆ ಟೆನ್ಷನ್ ಅನ್ನುವುದು ಬೇರೆ ಎಲ್ಲ ಬಾಗಿಲೂ ತಟ್ಟಿ ನೋಡಿದ ಮೇಲೆ ಉಳಿಯುವ ತೀರ್ಮಾನ, ತಟ್ಟುವ ಶ್ರಮ ತಪ್ಪಿಸಿಕೊಳ್ಳಲು ಇರುವ ಅಡ್ಡದಾರಿಯಲ್ಲ. ಅದು ನಮಗೆ ಇಷ್ಟು ರುಚಿಸುವುದಕ್ಕೆ ಬೇರೆಯೇ ಕಾರಣವಿದೆ ಎಂದು ನನ್ನ ಗುಮಾನಿ. ಬೆಕ್ಕು ಕೊರಗುತ್ತಿದೆ ಅಂದರೆ ಕಥೆಯ ನಾಯಕರು ನಾವು. ನಮಗಾಗಿ ಒಂದು ಜೀವ ಮೈಕೂದಲು ಕಿತ್ತುಕೊಳ್ಳುತ್ತಿದೆ ಅನ್ನುವುದರಲ್ಲಿ ಒಂಥರಾ ಹೆಮ್ಮೆ. ಚಿಗಟ ಅಂದರೆ ಮರ್ಯಾದೆ ಪ್ರಶ್ನೆ. ನೆಂಟರ ಮುಂದೆ ‘ನಮ್ಮ ಬೆಕ್ಕು ತುಂಬ ಸೆನ್ಸಿಟಿವ್’ ಅನ್ನಬಹುದು, ‘ನಮ್ಮ ಸೋಫಾದಲ್ಲಿ ಚಿಗಟ ಇದೆ’ ಅನ್ನುವುದು ಹೇಗೆ? ಬೆಕ್ಕಿಗೆ ಈ ಸಂಕೋಚವಿಲ್ಲ. ಅದು ಎಲ್ಲರೆದುರೇ ಕಾಲೆತ್ತಿ ನೆಕ್ಕುತ್ತದೆ.

ಚಿಗಟ ಅಂತ ಗೊತ್ತಾದ ಕೂಡಲೇ ಕೊಟ್ಟಿಗೆಯ ಉಣುಗಿಗೆ ತಂದ ಔಷಧಿಯನ್ನೋ ನಾಯಿಗೆ ತಂದ ಹನಿಯನ್ನೋ ಬೆಕ್ಕಿಗೆ ಹಾಕುವವರಿಗೆ ಒಂದು ಮಾತು. ನಾಯಿಯ ಕೆಲವು ಔಷಧಿಗಳಲ್ಲಿರುವ ಪರ್ಮೆಥ್ರಿನ್ ಬೆಕ್ಕಿಗೆ ವಿಷ; ನಡುಕ ಹತ್ತಿ, ಫಿಟ್ಸ್ ಬಂದು ಸಾಯಬಹುದು. ಸೀಮೆಎಣ್ಣೆ, ಕರ್ಪೂರ, ಫಿನಾಯಿಲ್ ಕೂಡ ಬೇಡವೇ ಬೇಡ. ಬೆಕ್ಕಿನ ಮೈಗೆ ಹಚ್ಚಿದ್ದೆಲ್ಲ ಕೊನೆಗೆ ಅದರ ಹೊಟ್ಟೆಗೇ ಹೋಗುತ್ತದೆ. ಪಶು ಆಸ್ಪತ್ರೆಯಲ್ಲಿ ಬೆಕ್ಕಿನ ತೂಕ ಹೇಳಿ, ಬೆಕ್ಕಿಗೆಂದೇ ಇರುವ ಔಷಧಿ ಬರೆಸಿಕೊಳ್ಳಿ. ಮನೆಯಲ್ಲಿರುವ ನಾಯಿಗೂ ಅದರದೇ ಮದ್ದು ಜೊತೆಯಲ್ಲೇ ಆಗಲಿ. ಗೋಣಿ, ಹಾಸಿಗೆಯನ್ನು ಬಿಸಿನೀರಲ್ಲಿ ಒಗೆದು, ಬಚ್ಚಲ ಸಂದಿಗೊಂದಿ ಗುಡಿಸಿ, ಗೂಡಿನೊಳಗೆ ಕಾಯುತ್ತಿರುವವೂ ಹೊರಬಂದು ಮುಗಿಯುವವರೆಗೆ, ಅಂದರೆ ಮೂರು ತಿಂಗಳಾದರೂ, ಬಿಡದೆ ಮಾಡಿ. ಅಷ್ಟಾದ ಮೇಲೂ ಬೆಕ್ಕು ನೆಕ್ಕುತ್ತಲೇ ಇದ್ದರೆ ಬನ್ನಿ, ಅದರ ಮನಸ್ಸಿನ ವಿಚಾರ ಮಾತಾಡೋಣ.