ಜೀಡಿಮೆಟ್ಲಾ ಪರಿಸರದಲ್ಲಿ ಆಂಗ್ಲಭಾಷಾ ಶ್ರವಣ–ಪಠನ ಗ್ರಹಿಕೆಯ ಬಹುಆಯಾಮಿ ಮೌಲ್ಯಮಾಪನ: ಒಂದು ಪೂರ್ವಭಾವಿ ವಿವೇಚನೆ

ಪೀಠಿಕೆ. ಕಾಲೇಜು ವಿದ್ಯಾರ್ಥಿಯು ಇಂಗ್ಲಿಷನ್ನು ಕೇಳಿ ಗ್ರಹಿಸುತ್ತಾನೆಯೇ, ಓದಿ ಗ್ರಹಿಸುತ್ತಾನೆಯೇ, ಅಥವಾ ಗ್ರಹಿಸಿದವನಂತೆ ತಲೆಯಾಡಿಸುತ್ತಾನೆಯೇ ಎಂಬ ಜ್ಞಾನಮೀಮಾಂಸಾತ್ಮಕ ಸಮಸ್ಯೆಯನ್ನು ಪ್ರಸ್ತುತ ಪ್ರಬಂಧವು ದತ್ತಾಂಶಕೇಂದ್ರಿತ, ಕಲಿಕಾರ್ಥಿಕೇಂದ್ರಿತ ಹಾಗೂ ನ್ಯಾಕ್‌ಕೇಂದ್ರಿತ ನೆಲೆಗಳಲ್ಲಿ ಪರಿಶೀಲಿಸುತ್ತದೆ. ಅಧ್ಯಯನ ಕ್ಷೇತ್ರ, ಹೈದರಾಬಾದಿನ ಜೀಡಿಮೆಟ್ಲಾ ಕೈಗಾರಿಕಾ ಪ್ರದೇಶದ ಮಗ್ಗುಲಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಲ್ಯಾಂಗ್ವೇಜ್ ಲ್ಯಾಬ್. ಕಿಟಕಿ ತೆರೆದರೆ ಔಷಧ ಕಾರ್ಖಾನೆಗಳ ಘಾಟು, ಮುಚ್ಚಿದರೆ ಸೆಕೆ. ಈ ಚರಾಂಶವನ್ನು ಅಧ್ಯಯನದಿಂದ ಕೈಬಿಡಲಾಗಿದೆ.

ಶ್ರೋತೃ ವರ್ಗೀಕರಣ. (ಅ) ಉಭಯಕರ್ಣಿ: ಹೆಡ್‌ಫೋನಿನ ಎರಡೂ ಬದಿ ಕೆಲಸ ಮಾಡುವ ಭಾಗ್ಯವಂತ. (ಆ) ಏಕಕರ್ಣಿ: ಬಹುಸಂಖ್ಯಾತ. (ಇ) ಪರಕರ್ಣಿ: ಪಕ್ಕದವನ ಉತ್ತರಪತ್ರಿಕೆಯ ಮೂಲಕ ಕೇಳಿಸಿಕೊಳ್ಳುವವನು. ಉಪವರ್ಗಗಳು ಇನ್ನೂ ಇವೆ, ಬರೆಯಲು ನನಗೇ ಬೇಸರ.

ಶ್ರವಣ ಪರೀಕ್ಷೆ ಐಇಎಲ್‌ಟಿಎಸ್ ಮಾದರಿಯದು: ಸುಮಾರು 30 ನಿಮಿಷ, 40 ಪ್ರಶ್ನೆ, ಧ್ವನಿಮುದ್ರಿಕೆ ಒಂದೇ ಸಲ. ಅದರಲ್ಲಿ ಇಂಗ್ಲೆಂಡಿನ ಹೆಂಗಸೊಬ್ಬಳು ದೋಣಿವಿಹಾರಕ್ಕೆ ಟಿಕೆಟ್ ಕೇಳುತ್ತಾಳೆ. ಬೀದರಿನ ಹುಡುಗನೊಬ್ಬ ಶಾಪೂರ್‌ನಗರದಿಂದ ಶೇರ್ ಆಟೋದಲ್ಲಿ ಬರುವಾಗ ಡ್ರೈವರನ ತೆಲುಗು, ಪಕ್ಕದವರ ದಖನಿ, ಫೋನಿನಲ್ಲಿ ಅವ್ವನ ಕನ್ನಡ ಮೂರನ್ನೂ ಒಟ್ಟಿಗೇ ಕೇಳಿ, ಮೂರಕ್ಕೂ ಉತ್ತರ ಕೊಟ್ಟು, ಚಿಲ್ಲರೆಯನ್ನೂ ಎಣಿಸಿ ತಗೊಳ್ಳುತ್ತಾನೆ. ಆದರೆ ದೋಣಿ ಎಷ್ಟು ಗಂಟೆಗೆ ಹೊರಡುತ್ತದೆಂದು ಅವನಿಗೆ ತಿಳಿಯಲಿಲ್ಲ. ಆದ್ದರಿಂದ ಯುರೋಪಿನ 2001ರ ಭಾಷಾಮಟ್ಟದ ಚೌಕಟ್ಟಿನಂತೆ ಅವನು ಎ2, ಅಂದರೆ ಕೆಳಗಿನಿಂದ ಎರಡನೇ ಮಟ್ಟ.

ಪಠನ ವಿಭಾಗದಲ್ಲಿ ಪೆಂಗ್ವಿನ್ ಬಗ್ಗೆ ಒಂದು ಗದ್ಯಭಾಗ. ಉತ್ತರ: ಸರಿ, ತಪ್ಪು, ಇಲ್ಲವೇ ‘ಹೇಳಿಲ್ಲ’. ಹುಡುಗ ಕೇಳಿದ: “ಸರ್, ಬರೆದವರು ಹೇಳಿಲ್ಲ ಅಂದ್ರ, ನಾ ಯಾಕ್ರೀ ಹೇಳಬೇಕು?” ಪ್ರಶ್ನೆ ತರ್ಕಶಾಸ್ತ್ರದ್ದಾದ್ದರಿಂದ ಅಂಕವಿಲ್ಲ.

ಪೂರ್ವಾಧ್ಯಯನ. ಇದೇ ಹೈದರಾಬಾದಿನಲ್ಲಿ 1958ರಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಶುರುವಾಯಿತು, ಅದೇ ಇಂದಿನ ಇಫ್ಲು ವಿಶ್ವವಿದ್ಯಾಲಯ. ಆರಂಭದ ವರ್ಷಗಳಲ್ಲಿ ಅದನ್ನು ನಡೆಸಿದವರಲ್ಲಿ ಒಬ್ಬರು ನಮ್ಮ ವಿ.ಕೃ. ಗೋಕಾಕ್. ಶಾಲೆಯಲ್ಲಿ ಕನ್ನಡ ಪ್ರಥಮ ಭಾಷೆಯಾಗಲಿ ಎಂದು 1981ರಲ್ಲಿ ವರದಿ ಕೊಟ್ಟವರೂ ಅವರೇ. ಒಂದೇ ತಲೆಯಲ್ಲಿ ಇವೆರಡೂ ಹಿಡಿಸಬಹುದೆಂಬುದಕ್ಕೆ ನಮ್ಮ ರೂಬ್ರಿಕ್‌ನಲ್ಲಿ ಅವಕಾಶವಿಲ್ಲ.

ಸಾಕು ಈ ಶಾಸ್ತ್ರ. ಕಾಲೇಜಿನ ಕಾಂಪೌಂಡಿನಾಚೆ ಕಾರ್ಖಾನೆಗಳಲ್ಲಿ ದ್ರಾವಕದ ಡ್ರಮ್ಮುಗಳ ಮೇಲೆ ಬೆಂಕಿ ಹತ್ತೀತು, ಆವಿ ಕುಡಿಯಬೇಡ ಎಂದೆಲ್ಲ ಬರೆದಿರುವುದು ಇಂಗ್ಲಿಷಿನಲ್ಲಿ. ಉರುಳಿಸುವವರು ಒಡಿಶಾದವರು, ಬಿಹಾರದವರು, ನಮ್ಮ ಬೀದರಿನವರು. ಓದಲು ಬರದಿದ್ದರೆ ಮೈ ಸುಡುವ ಜಾಗ ಅದು. ಅಲ್ಲಿಗೆ ರೂಬ್ರಿಕ್ ಹಿಡಿದು ಯಾವ ತಜ್ಞನೂ ಹೋದದ್ದನ್ನು ನಾನು ಕಾಣೆ. ದೋಣಿಯ ವೇಳೆ ಗೊತ್ತಿಲ್ಲದವನಿಗೆ ದುರ್ಬಲ ಅಂತ ಷರಾ ಬರೆಯಲು ಮಾತ್ರ ನಮಗೆ ಕೈ ಬರುತ್ತದೆ!

ಆ ಹುಡುಗನ ಅಪ್ಪ ಅಲ್ಲೇ ಶಿಫ್ಟ್ ಕೆಲಸಕ್ಕಿದ್ದಾನೆ. ಹೊಸ ಡ್ರಮ್ ಬಂದರೆ ಲೇಬಲ್ಲಿನ ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತಾನೆ. ಮಗ ಓದಿ, ಕನ್ನಡದಲ್ಲಿ ಧ್ವನಿಸಂದೇಶ ಮಾಡಿ ಕಳಿಸುತ್ತಾನೆ: “ಅಪ್ಪಾ, ಇದಕ್ಕ ಬರಿಗೈ ಹಚ್ಚಬ್ಯಾಡ, ಬೀಡಿ ದೂರ ಇಡು.” ಇದನ್ನು ತುಂಬುವ ಕಾಲಂ ನನ್ನ ಎಕ್ಸೆಲ್ ಶೀಟಿನಲ್ಲಿಲ್ಲ. ಶನಿವಾರದೊಳಗೆ ಶೀಟ್ ಕೊಡಿ ಎಂದು ಎಚ್‌ಒಡಿ ಎರಡು ಸಲ ಜ್ಞಾಪಿಸಿದ್ದಾರೆ.